ಹೊಲದ ಪ್ರಶ್ನೆ: ಯಾರ ಮಣ್ಣು, ಯಾವ ಮಳೆ, ಎಷ್ಟು ಖರ್ಚು?

ಮುಂಗಾರಿಗೆ ಮುಂಚಿನ ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಯಾವ ಬೀಜ, ಯಾವ ಗೊಬ್ಬರ ಎನ್ನುವ ಪ್ರಶ್ನೆಗಳು ಕಡಿಮೆ. ವಿಶ್ವವಿದ್ಯಾಲಯದವರು ಕಂಡುಹಿಡಿದದ್ದು ನಮ್ಮ ತನಕ ಬರುವುದು ಹೇಗೆ, ಬಂದದ್ದನ್ನು ನಂಬುವುದು ಹೇಗೆ, ನಾವು ಕಂಡುಕೊಂಡದ್ದನ್ನು ಅವರಿಗೆ ಮುಟ್ಟಿಸುವುದು ಹೇಗೆ ಎಂದೇ ಹೆಚ್ಚಿನವರು ಕೇಳಿದ್ದಾರೆ. ಕೃಷಿ ಇಲಾಖೆಯಲ್ಲಿ ಇದ್ದಷ್ಟು ಕಾಲ ನನ್ನ ಕೆಲಸವೇ ಇದಾಗಿತ್ತು. ನಿವೃತ್ತಿಯಾದರೂ ಮನಸ್ಸು ಅಲ್ಲೇ ಇದೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಅಕ್ಕಾವ್ರೆ, ನಮ್ಮೂರ ರೈತರ ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಾ ರಾಶಿ ಸಂದೇಶ ಬರುತ್ತವೆ. ಹೋದ ವರ್ಷ ಬಂದ ಒಂದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ: "ಗೋವಿನಜೋಳದ ಸುಳಿಯಲ್ಲಿನ ಹುಳಕ್ಕೆ ಎಮಾಮೆಕ್ಟಿನ್ ಲೀಟರಿಗೆ 4 ಗ್ರಾಂ. ಒಂದೇ ದಿನದಲ್ಲಿ ಖಲಾಸ್. ವಿಜ್ಞಾನಿಗಳ ಶಿಫಾರಸು. ಎಲ್ಲಾ ರೈತರಿಗೂ ಕಳಿಸಿ." ಇಂಥವನ್ನು ನಂಬಬೇಕೋ ಬೇಡವೋ?
— ಯುವ ರೈತ, ಶಿಗ್ಗಾವಿ ತಾಲ್ಲೂಕು

ಉತ್ತರ: ತಮ್ಮಾ, ಆ ಸಂದೇಶ ಕೈಯಿಂದ ಕೈಗೆ ದಾಟುವಾಗ ಒಂದು ಚುಕ್ಕೆ ಬಿದ್ದುಹೋಗಿದೆ. ಶಿಫಾರಸು ಇದ್ದದ್ದು ಲೀಟರ್ ನೀರಿಗೆ 0.4 ಗ್ರಾಂ, ಅದೂ ಶೇಕಡಾ 5ರ ಎಸ್‌ಜಿ, ಅಂದರೆ ನೀರಿನಲ್ಲಿ ಕರಗುವ ಹರಳಿನ ಔಷಧಿಗೆ. 4 ಗ್ರಾಂ ಅಂದರೆ ಅದರ ಹತ್ತು ಪಟ್ಟು. 16 ಲೀಟರಿನ ಕ್ಯಾನಿಗೆ ಆರೂವರೆ ಗ್ರಾಮಿನಷ್ಟು ಸಾಕಾಗುವಲ್ಲಿ 64 ಗ್ರಾಂ ಸುರಿದಂತೆ. 250 ಲೀಟರ್ ನೀರಿಗೆ ಬರಬೇಕಾದ 100 ಗ್ರಾಮಿನ ಪೊಟ್ಟಣ ಎರಡು ಕ್ಯಾನಿಗೂ ಸಾಲುವುದಿಲ್ಲ. ದುಡ್ಡು ಹೋಗುತ್ತದೆ, ಹೊಡೆಯುವವನ ಮೈಗೆ ಕೇಡು, ಹುಳ ತಿನ್ನುವ ಮಿತ್ರ ಕೀಟಗಳೂ ಉಳಿಯುವುದಿಲ್ಲ. "ವಿಜ್ಞಾನಿಗಳ ಶಿಫಾರಸು" ಎಂಬ ಮಾತು ಸುಳ್ಳಲ್ಲ. ಆದರೆ ಅವರು ಹೇಳಿದ್ದರಲ್ಲಿ ಅರ್ಧವಷ್ಟೇ ನಿಮ್ಮ ಗ್ರೂಪಿಗೆ ಬಂದಿದೆ.

ಚುಕ್ಕೆಯ ಜೊತೆ ಇನ್ನೂ ಏನೇನು ಬಿಟ್ಟುಹೋಯಿತು ನೋಡಿ. ಹುಳ ಯಾವುದು? ಅದು ಫಾಲ್ ಸೈನಿಕ ಹುಳುವೇ ಎಂದು ಮೊದಲು ಗೊತ್ತಾಗಬೇಕು. ಬೆಳೆದ ಮರಿಯ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂಥ ಬಿಳಿ ಗೆರೆ ಇರುತ್ತದೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಕಾಣುತ್ತವೆ. ಯಾವಾಗ ಹೊಡೆಯಬೇಕು? ಮರಿ ಸಣ್ಣದಿದ್ದಾಗ, ಎಲೆಯ ಹಸಿರನ್ನು ಕೆರೆದು ಬಿಳಿ ಕಿಟಕಿಯಂತೆ ಮಾಡುವ ಹಂತದಲ್ಲೇ ಹೊಡೆಯಬೇಕು. ದೊಡ್ಡದಾದ ಮೇಲೆ ಅದು ಸುಳಿಯೊಳಗೆ ಇಳಿದು, ಮರದ ಹೊಟ್ಟಿನಂಥ ಹಿಕ್ಕೆಯಿಂದ ಸುಳಿಯ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಮೇಲಿಂದ ಎಷ್ಟು ಹೊಡೆದರೂ ಔಷಧಿ ಅದಕ್ಕೆ ತಾಗುವುದಿಲ್ಲ. ಯಾವ ಹೊತ್ತಿನಲ್ಲಿ? ಬೆಳಗಿನ ತಂಪಿನಲ್ಲಿ ಇಲ್ಲವೇ ಸಂಜೆ, ನಾಜಲ್ಲನ್ನು ಸುಳಿಗೆ ಹಿಡಿದು. ಇದಿಷ್ಟೂ ಬಿಟ್ಟುಹೋಗಿ "ಖಲಾಸ್" ಒಂದೇ ಉಳಿದಿದೆ.

ಹೀಗಂತ ಫೋನೇ ಕೆಟ್ಟದ್ದು ಅನ್ನುವವಳಲ್ಲ ನಾನು. 2016ರಲ್ಲಿ ಆಫ್ರಿಕಾಕ್ಕೆ ಹೊಕ್ಕ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು ಅದನ್ನು ಗುರುತಿಸಿ ಸಾರಿದರು. ಹೊಸ ಹುಳ ಬಂತೆಂಬ ಸುದ್ದಿ ಬೇಗ ಹರಡಿದ್ದರಲ್ಲಿ ಫೋನಿನ ಪಾಲು ದೊಡ್ಡದು. ಹುಳದ ಫೋಟೋ ಕಳಿಸಿ ಇದು ಅದೇನಾ ಎಂದು ಕೇಳುವ ಅನುಕೂಲ ನಮ್ಮ ಕಾಲದಲ್ಲಿ ಇರಲಿಲ್ಲ. ಸತ್ತ ಹುಳವನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ತಾಲ್ಲೂಕಿಗೆ ಬರುತ್ತಿದ್ದರು.

ನಾನು ಅನುಸರಿಸುವ ಕಟ್ಟಳೆ ಇಷ್ಟೆ. ಯಾರು ಹೇಳಿದ್ದು, ಯಾವ ವರ್ಷ, ಯಾವ ಬೆಳೆಯ ಯಾವ ಹಂತಕ್ಕೆ ಎಂಬುದು ಇಲ್ಲದ ಸಂದೇಶವನ್ನು ಮುಂದೆ ಕಳಿಸುವುದಿಲ್ಲ. ಔಷಧಿಯ ಮಾತಾದರೆ ಡಬ್ಬಿಯ ಮೇಲಿನ ಚೀಟಿಯ ಫೋಟೋ ಜೊತೆಗಿರಬೇಕು. ಶಿಫಾರಸುಗಳೂ ಬದಲಾಗುತ್ತಿರುತ್ತವೆ, ಹಾಗಾಗಿ ಆ ವರ್ಷದ ಚೀಟಿಯನ್ನೇ ನೋಡಬೇಕು. ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ನೀವೇ ಒಂದು ಸಂದೇಶ ಕಳಿಸುವಾಗ ನಿಮ್ಮ ಹೊಲದ ಒಂದು ಸಾಲು ಸೇರಿಸಿ: "ನಮ್ಮದು ಮಸಾರಿ ಭೂಮಿ, ಬಿತ್ತಿ ಇಪ್ಪತ್ತು ದಿನವಾಗಿತ್ತು, ಇಷ್ಟು ಹೊಡೆದೆ, ಹೀಗಾಯಿತು." ಆ ಒಂದು ಸಾಲು ಓದಿದವರಿಗೆ ಅದು ತಮ್ಮ ಹೊಲಕ್ಕೆ ಹೊಂದುತ್ತದೋ ಇಲ್ಲವೋ ಎಂದು ತಿಳಿಯುತ್ತದೆ.

ಪ್ರಶ್ನೆ: ಮೇಡಂ, ನಾನು ಕೃಷಿ ವಿಜ್ಞಾನ ಕೇಂದ್ರವೊಂದರಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಕರಪತ್ರ ಅಚ್ಚು ಹಾಕಿಸುತ್ತೇವೆ, ಮೇಳದಲ್ಲಿ ಹಂಚುತ್ತೇವೆ, ಸಂಜೆ ಅದೇ ಕರಪತ್ರದಲ್ಲಿ ಮಿರ್ಚಿ ಕಟ್ಟಿಕೊಂಡು ಹೋಗುವುದನ್ನು ನೋಡುತ್ತೇನೆ. ರೈತರು ಓದುವಂತೆ ಬರೆಯುವುದು ಹೇಗೆ? ನಮ್ಮ ಒಂದು ಕರಪತ್ರ ಲಗತ್ತಿಸಿದ್ದೇನೆ.
— ಹೆಸರು ಬೇಡ, ಉತ್ತರ ಕರ್ನಾಟಕ

ಉತ್ತರ: ನೀವು ಕೇಳಿದ್ದೇ ನನಗೆ ಖುಷಿ. ಕರಪತ್ರದ ಮೂರನೆಯ ಸಾಲು ಹೀಗಿದೆ: "ಸೂಕ್ಷ್ಮ ಪೋಷಕಾಂಶಗಳ ಕೊರತೆಯ ನಿರ್ವಹಣೆಗಾಗಿ ಪ್ರತಿ ಹೆಕ್ಟೇರಿಗೆ 25 ಕಿ.ಗ್ರಾಂ ಸತುವಿನ ಸಲ್ಫೇಟನ್ನು ಮಣ್ಣಿಗೆ ಸೇರಿಸುವುದು." ತಪ್ಪೇನಿಲ್ಲ. ಆದರೆ ನಮ್ಮ ಕಡೆ ಹೆಕ್ಟೇರಿನಲ್ಲಿ ಲೆಕ್ಕ ಹಾಕುವ ರೈತನನ್ನು ನಾನು ಕಂಡಿಲ್ಲ. ಎಕರೆ, ಗುಂಟೆಯ ಲೆಕ್ಕವೇ ಅವನದು. ಅಂಗಡಿಯಲ್ಲಿ ಸತು ಕೊಡಿ ಎಂದರೆ ಯಾರೂ ಕೊಡುವುದಿಲ್ಲ, ಜಿಂಕ್ ಅನ್ನಬೇಕು. ನಾನಾದರೆ ಹೀಗೆ ಬರೆಯುತ್ತಿದ್ದೆ: "ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಜಿಂಕ್ ಕಡಿಮೆ ಎಂದು ಬಂದಿದ್ದರೆ ಮಾತ್ರ, ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಹಾಕಿ. ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಕಟ್ಟಿಕೊಂಡು ಬೆಳೆಗೆ ದಕ್ಕುವುದಿಲ್ಲ. ಪುಡಿಯಾದ ತಿಪ್ಪೆಗೊಬ್ಬರದಲ್ಲಿ ಕಲಸಿ ಎರಚಿ. ಒಮ್ಮೆ ಹಾಕಿದ್ದು ಮುಂದಿನ ಬೆಳೆಗೂ ಇರುತ್ತದೆ, ಪ್ರತಿ ಸಲ ಹಾಕುವುದು ಬೇಡ." ಸಾಲು ಉದ್ದವಾಯಿತು, ಆಗಲಿ. "ಮಾತ್ರ" ಎಂಬ ಪದ ಬಂತಲ್ಲ, ನನಗೆ ಬೇಕಾದದ್ದು ಅದು. ನಿಮ್ಮ ಸಂಶೋಧನೆ ಯಾವ ಷರತ್ತಿನ ಮೇಲೆ ನಿಂತಿದೆಯೋ ಆ ಷರತ್ತನ್ನು ಹೇಳದೆ ಫಲಿತಾಂಶ ಮಾತ್ರ ಹಂಚಿದರೆ, ಜಿಂಕ್ ಸಾಕಷ್ಟಿರುವ ಹೊಲದವನೂ ಚೀಲ ಹೊತ್ತು ತರುತ್ತಾನೆ. ಬೆಳೆಯಲ್ಲಿ ವ್ಯತ್ಯಾಸ ಕಾಣದೆ ಮುಂದಿನ ವರ್ಷ ನಿಮ್ಮ ಯಾವ ಮಾತನ್ನೂ ಕೇಳುವುದಿಲ್ಲ.

2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮ ನೆನಪಿಸಿಕೊಳ್ಳಿ. ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಮತ್ತು ರಾಜ್ಯದ ಕೃಷಿ ಇಲಾಖೆ ಕೂಡಿ ಊರೂರಿನ ಮಣ್ಣು ತೆಗೆಸಿ ಪರೀಕ್ಷೆ ಮಾಡಿಸಿದಾಗ, ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಜಿಂಕ್, ಬೋರಾನ್ ಕೊರತೆ ಎದ್ದು ಕಂಡಿತು. ಆ ಕೆಲಸದಲ್ಲಿ ನನಗೆ ಹಿಡಿಸಿದ್ದು ಊರ ಗೋಡೆಗಳ ಮೇಲಿನ ಬರಹ. ನಿಮ್ಮ ಊರಿನ ಮಣ್ಣಿನಲ್ಲಿ ಇದು ಕಡಿಮೆ, ಇಷ್ಟು ಹಾಕಿ ಎಂದು ಬರೆದಿದ್ದರು. ದನ ಹೊಡೆದುಕೊಂಡು ಹೋಗುವವರೂ ನಿಂತು ಓದುತ್ತಿದ್ದರು. ಜೊತೆಗೆ ಅದೇ ಊರಿನ ಒಬ್ಬ ರೈತನನ್ನು ಅನುವುಗಾರನೆಂದು ನೇಮಿಸಿದ್ದರು. ಗೋಡೆ ಓದಿದವನಿಗೆ ಅನುಮಾನ ಬಂದರೆ ಕೇಳಲು ಊರಲ್ಲೇ ಒಬ್ಬನಿದ್ದ.

ಇನ್ನೂ ಹಳೆಯದೊಂದು ಹೇಳುತ್ತೇನೆ, ನೀವು ಓದಿಯೂ ಇರುತ್ತೀರಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮುಂದೆ ಅವರೇ ಸಂಸ್ಥಾನದ ಕೃಷಿ ನಿರ್ದೇಶಕರೂ ಆದರು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ತೋಟದವರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು, ಅಂದರೆ ಮಳೆ ನೀರು ಬೀಳದಂತೆ ಗೊನೆಗೆ ಹೊದಿಕೆ ಹೊದಿಸುವುದು. ಕೋಲ್ಮನ್ ಸೂಚಿಸಿದ್ದು ಬೋರ್ಡೋ ದ್ರಾವಣ. ನೂರು ವರ್ಷ ದಾಟಿದರೂ ಮಳೆಗಾಲಕ್ಕೆ ಮುಂಚೆ ತೋಟದವರು ಇವತ್ತಿಗೂ ಅದನ್ನೇ ಹೊಡೆಯುತ್ತಾರೆ. ಅದು ಇಷ್ಟು ಕಾಲ ಬಾಳಿದ್ದಕ್ಕೆ ಒಂದು ಕಾರಣ, ಸರಿಯಾಯಿತೋ ಇಲ್ಲವೋ ಎಂದು ರೈತ ತಾನೇ ನೋಡಿಕೊಳ್ಳಬಹುದಾದ ಪರೀಕ್ಷೆ ಅದರ ಜೊತೆಗಿದೆ. ಒಂದು ಕೆಜಿ ಮೈಲುತುತ್ತನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸುತ್ತಾರೆ. ಇನ್ನೊಂದರಲ್ಲಿ ಒಂದು ಕೆಜಿ ಸುಣ್ಣವನ್ನು 50 ಲೀಟರಿಗೆ ತಿಳಿ ಮಾಡುತ್ತಾರೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡುತ್ತಾರೆ. ಆಮೇಲೆ ಉಜ್ಜಿ ಬೆಳಗಿದ ಕತ್ತಿ ಅಥವಾ ಬ್ಲೇಡನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅದರ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಕೂರದಿದ್ದರೆ ಸರಿಯಾಗಿದೆ, ಅವತ್ತೇ ಹೊಡೆದು ಮುಗಿಸಬೇಕು. ಓದು ಬರದವರೂ ಕೆಂಪು ಬಂತೋ ಇಲ್ಲವೋ ಹೇಳುತ್ತಾರೆ.

ನಿಮ್ಮ ಮುಂದಿನ ಕರಪತ್ರದಲ್ಲಿ ಇಂಥ ಒಂದು ಪರೀಕ್ಷೆ ಇರಲಿ ಎಂದು ನಾನು ಕೈ ಮುಗಿದು ಕೇಳುತ್ತೇನೆ. ಬಣ್ಣದ ಚಿತ್ರ, ಗಣ್ಯರ ಫೋಟೋ ಕಡಿಮೆಯಾದರೂ ನಡೆಯುತ್ತದೆ. ಅಚ್ಚಿಗೆ ಕೊಡುವ ಮುಂಚೆ ಹತ್ತಿರದ ಊರಿನ ಇಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ಅಂದ್ರ?" ಎಂದು ಕೇಳಿದ ಕಡೆಯೆಲ್ಲ ತಿದ್ದಿ.

ಪ್ರಶ್ನೆ: ಅಕ್ಕಾ, ನಮ್ಮ ಹೊಲದ ಉತಾರ (ಪಹಣಿ) ಮನೆಯವರ ಹೆಸರಿನಲ್ಲಿದೆ. ಹೀಗಾಗಿ ತರಬೇತಿಗೆ ಕರೆ ಬಂದರೆ ಅವರಿಗೇ ಬರುತ್ತದೆ. ಅವರು ಹೋಗಿ ಊಟ ಮಾಡಿ ಬರುತ್ತಾರೆ. ಬೀಜ ಹಸನು ಮಾಡುವುದು, ಔಷಧಿ ಹಚ್ಚುವುದು, ಕಳೆ ತೆಗೆಯುವುದು ಎಲ್ಲ ನಾನೇ. ಸೋಯಾ ಬೀಜ ಸರಿಯಾಗಿ ಹುಟ್ಟದೆ ಎರಡು ಸಲ ಬಿತ್ತಬೇಕಾಯಿತು. ನನಗೆ ಯಾರು ಹೇಳಿಕೊಡುತ್ತಾರೆ?
— ಗೃಹಿಣಿ, ಕಲಘಟಗಿ ತಾಲ್ಲೂಕು

ಉತ್ತರ: ತಂಗಿ, ನಿನ್ನ ಪತ್ರ ಓದಿ ಸಂಕಟವಾಯಿತು. ಬೀಜೋಪಚಾರದ ತರಬೇತಿಯಲ್ಲಿ ಸಾಲಾಗಿ ಗಂಡಸರನ್ನು ಕೂರಿಸಿ ಕಳಿಸುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೆಲಸ ಯಾರ ಕೈಯಲ್ಲಿದೆಯೋ ಅವರಿಗೆ ಹೇಳದೆ, ಕಾಗದ ಯಾರ ಹೆಸರಿನಲ್ಲಿದೆಯೋ ಅವರಿಗೆ ಹೇಳಿದರೆ ವಿದ್ಯೆ ಬಾಗಿಲಲ್ಲೇ ನಿಲ್ಲುತ್ತದೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೆಸರು ಕೊಡಲು ಉತಾರ ನಿನ್ನ ಹೆಸರಿನಲ್ಲೇ ಇರಬೇಕಾಗಿಲ್ಲ. ನೀನು ಸ್ವಸಹಾಯ ಸಂಘದಲ್ಲಿದ್ದರೆ ಸಂಘದ ಮೂಲಕವೇ ಕೇಳಿ, ನಮ್ಮೂರಲ್ಲೇ ಮಧ್ಯಾಹ್ನದ ಹೊತ್ತು ಬಂದು ಹೇಳಿಕೊಡಿ ಅನ್ನಿ. ನಾಲ್ಕೈದು ಸಂಘ ಕೂಡಿ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಈಗ ಸಂಘದ ಹೆಣ್ಣುಮಕ್ಕಳನ್ನೇ ಆರಿಸಿ ಕೃಷಿ ಸಖಿಯರೆಂದು ತರಬೇತಿ ಕೊಡುತ್ತಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಯಾರು ಎಂದು ವಿಚಾರಿಸು.

ಅಲ್ಲಿಯವರೆಗೆ ಕಾಯಬೇಡ, ಬಿತ್ತನೆ ಹತ್ತಿರ ಬಂತು. ಮೊಳಕೆ ಪರೀಕ್ಷೆ ಈ ವಾರವೇ ಮಾಡು. ಚೀಲದ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ಬೀಜ ತೆಗೆದು ಬೆರೆಸು. ಅದರಲ್ಲಿ ನೂರು ಎಣಿಸಿಕೊ, ಚೆಂದದವನ್ನೇ ಆರಿಸಬಾರದು, ಬಂದದ್ದು ಬಂದ ಹಾಗೆ. ಗೋಣಿಚೀಲದ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿ, ಸಾಲಿಗೆ ಹತ್ತರಂತೆ ಹತ್ತು ಸಾಲು ಇಡು. ಮೇಲೊಂದು ಒದ್ದೆ ತುಂಡು ಹೊದಿಸಿ ಚಾಪೆಯ ಹಾಗೆ ಸುತ್ತಿ ನೆರಳಲ್ಲಿಡು. ದಿನಾ ನೀರು ಚಿಮುಕಿಸು, ತೊಟ್ಟಿಕ್ಕುವಷ್ಟು ಬೇಡ, ಸೋಯಾ ಕೊಳೆಯುತ್ತದೆ. ಐದರಿಂದ ಎಂಟು ದಿನದೊಳಗೆ ಬಿಚ್ಚಿ ಎಣಿಸು. ಬೇರೂ ಕುಡಿಯೂ ನೆಟ್ಟಗಿರುವ ಮೊಳಕೆ ಮಾತ್ರ ಲೆಕ್ಕಕ್ಕೆ. ಸೊಟ್ಟ, ಬೇರಿಲ್ಲದ್ದು, ಬೂಸ್ಟು ಹಿಡಿದದ್ದು ಲೆಕ್ಕಕ್ಕಿಲ್ಲ. 70 ಬಂದರೆ ಬಿತ್ತನೆ ಬೀಜದ ಸರ್ಕಾರಿ ಮಟ್ಟ ಮುಟ್ಟಿದ ಹಾಗೆ. 60ರ ಸುತ್ತ ಬಂದರೆ ಬೀಜದ ಪ್ರಮಾಣ ಹೆಚ್ಚಿಸಬೇಕು. ಇನ್ನೂ ಕೆಳಗಿದ್ದರೆ ಬೇರೆ ಬೀಜ ನೋಡುವುದೇ ಲೇಸು. ಸೋಯಾದ ಸಿಪ್ಪೆ ತೀರ ತೆಳು. ರಾಶಿ ಮಾಡುವಾಗ ಯಂತ್ರದ ಪೆಟ್ಟು ಬಿದ್ದರೂ, ಚೀಲವನ್ನು ಎತ್ತಿ ಒಗೆದರೂ ಒಳಗಿನ ಮೊಳಕೆ ಸತ್ತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಿನ್ನ ಬೀಜ ಹುಟ್ಟದೆ ಹೋದದ್ದಕ್ಕೆ ಇದೇ ಕಾರಣವಿರಬಹುದು.

ಔಷಧಿ ಹಚ್ಚುವಾಗ ಕ್ರಮ ಮುಖ್ಯ. ಮೊದಲು ರೋಗದ ಪುಡಿ, ಆಮೇಲೆ ಕೀಟದ್ದು, ಕೊನೆಗೆ ಬಿತ್ತುವ ಹೊತ್ತಿಗೆ ರೈಜೋಬಿಯಂ. ಅದು ಜೀವ ಇರುವ ಸೂಕ್ಷ್ಮಾಣು. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಔಷಧಿಯ ಪುಡಿಯ ಜೊತೆ ಒಟ್ಟಿಗೆ ಕಲಸಿದರೆ, ಬಿಸಿಲಲ್ಲಿ ಒಣಗಿಸಿದರೆ ಸಾಯುತ್ತದೆ. ಆರಿದ ಬೆಲ್ಲದ ಪಾಕ ಚಿಮುಕಿಸಿ, ಪುಡಿ ಉದುರಿಸಿ, ಮೆಲ್ಲಗೆ ಹೊರಳಾಡಿಸಿ ನೆರಳಲ್ಲಿ ಆರಿಸು. ಮತ್ತೆ, ಕೈಗೆ ಚೀಲ ಕಟ್ಟಿಕೊಳ್ಳದೆ ಔಷಧಿಯ ಬೀಜ ಮುಟ್ಟಬೇಡ. ಇದನ್ನು ಮನೆಯವರಿಗೂ ಓದಿ ಹೇಳು.

ಪ್ರಶ್ನೆ: ನಮ್ಮ ತಾಯಿ ಕಾಪಾಡಿಕೊಂಡು ಬಂದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯ ಬೀಜ ನಮ್ಮಲ್ಲಿದೆ. ಬಣ್ಣ ಬಹಳ ಚಲೋ ಬರುತ್ತದೆ. ವಿಜ್ಞಾನಿಗಳಿಗೆ ತೋರಿಸಬೇಕೆಂದಿದೆ. ಆದರೆ ಕೊಟ್ಟ ಮೇಲೆ ನಮ್ಮ ಬೀಜ ನಮ್ಮ ಕೈ ತಪ್ಪಿದರೆ ಎಂದು ಮನೆಯಲ್ಲಿ ಹೆದರುತ್ತಾರೆ.
— ರೈತ, ಕುಂದಗೋಳ ತಾಲ್ಲೂಕು

ಉತ್ತರ: ಹೆದರಿಕೆ ಸಹಜ. ಆದರೆ ಕಾನೂನು ನಿಮ್ಮ ಕಡೆ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತನ ತಳಿಯನ್ನು ರೈತನ ಹೆಸರಿನಲ್ಲೇ ನೋಂದಾಯಿಸಬಹುದು. ಅರ್ಜಿಗೆ ರೈತನಿಂದ ಶುಲ್ಕ ಇಲ್ಲ. ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕೂ ಅದರಲ್ಲಿದೆ. ಬ್ರ್ಯಾಂಡ್ ಹಾಕಿದ ಪ್ಯಾಕೆಟ್ಟಿನಲ್ಲಿ ಮಾತ್ರ ಮಾರುವಂತಿಲ್ಲ. ಕೃಷಿ ವಿಜ್ಞಾನ ಕೇಂದ್ರದವರು ಅರ್ಜಿ ತುಂಬಿಸಲು ನೆರವಾಗುತ್ತಾರೆ. ಬೀಜ ಕೊಡುವಾಗ ಯಾರಿಗೆ, ಯಾವತ್ತು, ಎಷ್ಟು ಕೊಟ್ಟಿರಿ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಸಂಕೋಚ ಬೇಡ, ಒಳ್ಳೆಯ ವಿಜ್ಞಾನಿ ಅದನ್ನು ತಪ್ಪು ತಿಳಿಯುವುದಿಲ್ಲ.

ಒಂದು ತೊಡಕಿದೆ. ನೋಂದಣಿಗೆ ತಳಿ ಬೇರೆಯವಕ್ಕಿಂತ ಭಿನ್ನವಾಗಿರಬೇಕು, ಗಿಡದಿಂದ ಗಿಡಕ್ಕೆ ಒಂದೇ ಥರ ಇರಬೇಕು, ವರ್ಷದಿಂದ ವರ್ಷಕ್ಕೆ ಬದಲಾಗಬಾರದು. ಮೆಣಸಿನಕಾಯಿ ಹುಳ, ಜೇನಿನಿಂದ ಪಕ್ಕದ ಹೊಲದ ಪರಾಗ ಸುಲಭವಾಗಿ ಹಿಡಿಯುವ ಬೆಳೆ. ನಿಮ್ಮ ಬದುವಿನಾಚೆ ಕಂಪನಿ ಬೀಜದ ಮೆಣಸಿನಕಾಯಿ ಇದ್ದರೆ ನಿಮ್ಮ ತಾಯಿಯ ಬೀಜ ನಿಧಾನಕ್ಕೆ ಬೆರಕೆಯಾಗುತ್ತಿರುತ್ತದೆ. ಈ ಹಂಗಾಮಿನಲ್ಲೇ ಹೊಲದ ನಡುವಿನ ಒಳ್ಳೆಯ ಕೆಲವು ಗಿಡ ಗುರುತಿಸಿ, ಹೂ ಬಿಡುವ ಮುಂಚೆ ಸೊಳ್ಳೆ ಪರದೆಯ ಬಟ್ಟೆ ಹೊದಿಸಿ, ಅವುಗಳ ಬೀಜವನ್ನೇ ಬೇರೆ ಇಡಿ. ತಾಯಿಯವರು ಹಣ್ಣು ಆರಿಸುವಾಗ ಏನು ನೋಡುತ್ತಾರೆ, ಸುಕ್ಕು ಎಷ್ಟು, ತೊಟ್ಟು ಹೇಗೆ, ಯಾವ ಕೊಯ್ಲಿನದು, ಎಲ್ಲ ಕೇಳಿ ಬರೆದಿಡಿ. ಬೀಜದಷ್ಟೇ ಬೆಲೆ ಆ ಟಿಪ್ಪಣಿಗೂ ಇದೆ.

ರೈತನಿಂದ ಸಂಸ್ಥೆಗೆ ಹೋದ ವಿದ್ಯೆಗೆ ನಮ್ಮಲ್ಲೇ ಉದಾಹರಣೆಗಳಿವೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿ ತಂದೆ ನೆಟ್ಟ ಹಲಸಿನ ಮರವಿತ್ತು. ತೊಳೆ ತಾಮ್ರಗೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಪರೀಕ್ಷಿಸಿ, ಆ ತಂದೆಯ ನೆನಪಿನಲ್ಲೇ "ಸಿದ್ದು" ಎಂದು ಹೆಸರಿಟ್ಟು, ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡದ ಆದಾಯದಲ್ಲಿ ದೊಡ್ಡ ಪಾಲು ರೈತರಿಗೇ. ಇನ್ನು ನಮ್ಮ ಹಾವೇರಿ ಕಡೆಯ ಗುಳಿ ರಾಗಿ. ಸುಮಾರು ಒಂದೂವರೆ ಅಡಿಗೊಂದು ಗುಳಿ, ಅದರಲ್ಲಿ ಹಿಡಿ ಗೊಬ್ಬರ, ಎಳೆಯ ಎರಡು ಸಸಿ. ಬೇರು ಕಚ್ಚಿದ ಮೇಲೆ ಎತ್ತು ಕಟ್ಟಿ ಎಳೆ ಗಿಡಗಳ ಮೇಲೆಯೇ ಕೊರಡು ಎಳೆಯುತ್ತಾರೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಬೆಳೆ ಹಾಳಾಯಿತೆಂದು. ಆದರೆ ಬಗ್ಗಿದ ಗಿಡ ಬುಡದಿಂದ ತೆಂಡೆ (ಹೊಸ ಕುಡಿ) ಒಡೆಯುತ್ತದೆ, ಒಂದೊಂದು ಗುಳಿಯೂ ಪೊದೆಯಾಗುತ್ತದೆ. ಇದನ್ನು ಕಂಡುಕೊಂಡವರು ರೈತರು. ಪುಸ್ತಕದವರು ಆಮೇಲೆ ಬಂದು ಅಳೆದು ಬರೆದುಕೊಂಡರು. ಅಂಥ ಪದ್ಧತಿಗೆ ಮಾತ್ರ ಈ ಕಾಯ್ದೆಯಲ್ಲಿ ನೋಂದಣಿ ಇಲ್ಲ, ತಳಿಗೆ ಮಾತ್ರ ಇದೆ. ಈ ಕೊರತೆ ನನಗೆ ಇವತ್ತಿಗೂ ಬೇಸರ ತರುತ್ತದೆ. ಕನಿಷ್ಠ ಬರೆಯುವವರು ಯಾವ ಊರಿನವರಿಂದ ಕಲಿತೆವು ಎಂದಾದರೂ ಬರೆಯಬೇಕು.

ಪ್ರಶ್ನೆ: ನಿಮ್ಮಂಥವರು ಹೇಳಿದರೆಂದು ಹೊಸ ತಳಿ ಹಾಕಿದೆ. ಬಂದು ಬೋರ್ಡು ನೆಟ್ಟು ಫೋಟೋ ತೆಗೆಸಿಕೊಂಡು ಹೋದರು. ಬೆಳೆ ಕೈಕೊಟ್ಟಿತು, ಯಾರೂ ಮತ್ತೆ ಬರಲಿಲ್ಲ. ಇನ್ನೂ ಯಾಕೆ ಕೇಳಬೇಕು?
— ಹಿರಿಯ ರೈತ, ಮುಧೋಳ ತಾಲ್ಲೂಕು

ಉತ್ತರ: ಹಿರಿಯರೆ, ನಿಮ್ಮ ಸಿಟ್ಟು ನ್ಯಾಯವಾದದ್ದು. ಬೋರ್ಡು ನೆಟ್ಟವರು ಸೋಲನ್ನೂ ಬಂದು ನೋಡಬೇಕಿತ್ತು. ಯಾಕೆ ಸೋತಿತು ಎಂಬುದು ಬರೆದಿಟ್ಟಿದ್ದರೆ ನಿಮ್ಮಂಥ ಮಣ್ಣಿನ ಇನ್ನೊಬ್ಬ ರೈತ ಉಳಿಯುತ್ತಿದ್ದ. ಪ್ರಾತ್ಯಕ್ಷಿಕೆ ಗೆದ್ದ ಕಡೆ ಕ್ಷೇತ್ರೋತ್ಸವ ಮಾಡುತ್ತೇವೆ, ಸೋತ ಕಡೆಗೆ ಜೀಪು ಹೋಗುವುದಿಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ದೋಷ ಇದೇ ಎಂದು ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ.

ಆದರೂ ನೀವು ಕಬ್ಬಿನ ಸೀಮೆಯವರು, 2002ರ ಸುಮಾರಿಗೆ ಬಂದ ಬಿಳಿ ಉಣ್ಣೆ ಹೇನು ಮರೆತಿರಲಾರಿರಿ. ಎಲೆಯ ಕೆಳಗೆಲ್ಲ ಅರಳೆ ಅಂಟಿಸಿದಂತೆ, ಅದರ ಅಂಟು ಕೆಳಗಿನ ಎಲೆಗೆ ಬಿದ್ದು ಕಪ್ಪು ಬೂಸ್ಟು. ಆಳೆತ್ತರ ದಾಟಿದ ಕಬ್ಬಿನೊಳಗೆ ಪಂಪು ಹೊತ್ತು ಹೋಗುವುದೇ ಆಗುತ್ತಿರಲಿಲ್ಲ. ಕೊನೆಗೆ ಕೈ ಹಿಡಿದದ್ದು ಆ ಹೇನನ್ನೇ ತಿನ್ನುವ ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕೀಟ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅವುಗಳನ್ನು ಗುರುತಿಸಿ ಬೆಳೆಸಿ ಹಂಚಿದರು. ಮರಿಗಳಿದ್ದ ಎಲೆಯ ತುಂಡನ್ನು ಕತ್ತರಿಸಿ ತಂದು ಹೇನಿದ್ದ ಗಿಡಕ್ಕೆ ಸಿಕ್ಕಿಸುವ ಕೆಲಸವನ್ನು ರೈತರೇ ಮಾಡಿದರು. ಬಿಟ್ಟ ಮೇಲೆ ಔಷಧಿ ಹೊಡೆಯಬಾರದು ಎಂಬುದೊಂದೇ ಷರತ್ತು. ಅದನ್ನು ಪಾಲಿಸಿದ ಹೊಲದಲ್ಲಿ ಮರಿಗಳು ಉಳಿದು ಹೇನು ತಿಂದವು. ತಾಳ್ಮೆಗೆಟ್ಟು ಔಷಧಿ ಹೊಡೆದ ಕಡೆ ಹೇನಿನ ಜೊತೆ ಅವೂ ಸತ್ತವು.

ಇನ್ನು ಮುಂದೆ ಯಾರೇ ಹೊಸದು ತಂದರೂ ಇಡೀ ಹೊಲ ಕೊಡಬೇಡಿ. ಐದು ಗುಂಟೆ ಕೊಡಿ. ಪಕ್ಕದಲ್ಲೇ ಐದು ಗುಂಟೆ ನಿಮ್ಮ ಹಳೆಯದು. ಎರಡೂ ಒಂದೇ ದಿನ, ಒಂದೇ ಗೊಬ್ಬರ, ಒಂದೇ ನೀರು. ಹೊಸತೊಂದು ಮಾತ್ರ ಬೇರೆ ಇರಲಿ. ಬದುವಿನ ಅಂಚು, ಮರದ ನೆರಳು ಬೇಡ. ಕೊಯ್ದ ಮೇಲೆ ಬೇರೆ ಬೇರೆ ತೂಗಿ, ಖರ್ಚನ್ನೂ ಬೇರೆ ಬೇರೆ ಬರೆದಿಡಿ. ತಳಿ ಕೊಡಲು ಬಂದವರನ್ನು ಮೊದಲೇ ಕೇಳಿ: ಇದನ್ನು ಎಂಥ ಮಣ್ಣಿನಲ್ಲಿ ನೋಡಿದ್ದೀರಿ, ಆ ವರ್ಷ ಮಳೆ ಹೇಗಿತ್ತು, ಎಕರೆಗೆ ಖರ್ಚೆಷ್ಟು ಬಿತ್ತು, ಕಟಾವಿನ ದಿನ ಬರುತ್ತೀರಾ? ಕೊನೆಯ ಪ್ರಶ್ನೆಗೆ ಹೂಂ ಅನ್ನದವರಿಗೆ ಐದು ಗುಂಟೆಯೂ ಬೇಡ.

ಪ್ರಶ್ನೆ: ನಮ್ಮಜ್ಜ ಇವತ್ತಿಗೂ ಆಕಾಶವಾಣಿಯ ಕೃಷಿರಂಗ ಕೇಳುತ್ತಾರೆ. ಫೋನಿರುವಾಗ ರೇಡಿಯೋ ಯಾಕೆ ಎಂದರೆ ಬೈಯುತ್ತಾರೆ.
— ಕಾಲೇಜು ವಿದ್ಯಾರ್ಥಿನಿ, ಗದಗ

ಉತ್ತರ: ಅಜ್ಜನ ಪಕ್ಕ ಕೂತು ನೀನೂ ಕೇಳು ಮಗಳೆ. ಅಲ್ಲಿ ಮಾತಾಡುವವರು ತಮ್ಮ ಹೆಸರು, ಹುದ್ದೆ ಹೇಳಿಯೇ ಮಾತಾಡುತ್ತಾರೆ. ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ. ಆಮೇಲೆ ಅಜ್ಜನಿಗೆ ಅನುಮಾನ ಬಂದದ್ದನ್ನು ನಿನ್ನ ಫೋನಿನಿಂದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೇಳಿ ತಿಳಿಸು.

ಪ್ರಶ್ನೆ: ಮಣ್ಣು ಆರೋಗ್ಯ ಚೀಟಿ ಬಂದಿದೆ. ತುಂಬ ಅಂಕಿ. ಏನು ನೋಡಲಿ?
— ರೈತ, ಹಾನಗಲ್ಲ

ಉತ್ತರ: ಚೀಟಿಯಲ್ಲಿ 12 ಅಂಶ ಇರುತ್ತವೆ. ಮೊದಲು ರಸಸಾರ (ಪಿಎಚ್) ನೋಡಿ. 6.5ರಿಂದ 7.5ರೊಳಗಿದ್ದರೆ ಚಿಂತೆ ಇಲ್ಲ. ಆಮೇಲೆ ಸಾವಯವ ಇಂಗಾಲ. ಅದು 0.5ಕ್ಕಿಂತ ಕೆಳಗಿದ್ದರೆ ಬೇರೆ ಯಾವ ಗೊಬ್ಬರಕ್ಕೂ ಮುಂಚೆ ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರದ ಯೋಚನೆ ಮಾಡಿ. ಜಿಂಕ್ 0.6ಕ್ಕಿಂತ ಕಡಿಮೆ ಇದ್ದರೆ ಮಾತ್ರ ಜಿಂಕ್ ಹಾಕಿ.

ಇದಕ್ಕೂ ಮೊದಲು ಇನ್ನೊಂದು. ಆ ಮಣ್ಣು ನಿಮ್ಮ ಹೊಲದ್ದೇ ಹೌದೋ, ಯಾರು ಎಲ್ಲಿಂದ ತೆಗೆದರು ಎಂದು ಗೊತ್ತಿಲ್ಲದಿದ್ದರೆ ನೀವೇ ಮತ್ತೆ ತೆಗೆಯಿರಿ. ಎಕರೆಯಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಹನ್ನೆರಡು ಕಡೆ ಆರು ಇಂಚು ಆಳಕ್ಕೆ ಇಳಿಜಾರಾಗಿ ಗುಳಿ ತೋಡಿ, ಗುಳಿಯ ಗೋಡೆಯನ್ನು ಮೇಲಿಂದ ಕೆಳಗೆ ಕೆರೆದು ಮಣ್ಣು ತೆಗೆಯಿರಿ. ತಿಪ್ಪೆ ಇದ್ದ ಜಾಗ, ಬದು, ಮರದ ಬುಡ ಬಿಡಿ. ಎಲ್ಲ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಹಾಕಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿ. ಸರ್ವೆ ನಂಬರು, ಹಿಂದಿನ ಬೆಳೆ, ಈಗ ಬಿತ್ತಬೇಕೆಂದಿರುವ ಬೆಳೆ ಬರೆದು ಒಳಗಿಡಿ. ಗೊಬ್ಬರ ಹಾಕಿದ ಮೇಲೆ ತೆಗೆದರೆ ಲೆಕ್ಕ ತಪ್ಪುತ್ತದೆ, ವರದಿ ಬರಲೂ ದಿನ ಬೇಕು. ಹಾಗಾಗಿ ಹದ ಮಳೆ ಬೀಳುವ ಮುಂಚೆ, ಈ ವಾರದಲ್ಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ರಸೀದಿ ಪಡೆಯಿರಿ.